ಅಲೆ ನಿಲ್ಲುವವರೆಗೆ: ಕಿವಿಯಿಂದಲೇ ತಂತಿ ಶ್ರುತಿ ಮಾಡುವುದು

ಗಿಟಾರ್ ಹತ್ತಿರದಲ್ಲಿದ್ದರೆ ಈಗಲೇ ತೊಡೆ ಮೇಲೆ ಇಟ್ಟುಕೊಳ್ಳಿ. ಎಲ್ಲಕ್ಕಿಂತ ದಪ್ಪ ತಂತಿಯ ಐದನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಮೀಟಿ. ಆ ನಾದ ಆರುವ ಮೊದಲೇ ಪಕ್ಕದ ತಂತಿಯನ್ನು ಎಲ್ಲೂ ಒತ್ತದೆ ಮೀಟಿ. ಎರಡೂ ಒಟ್ಟಿಗೆ ಮೊಳಗಲಿ. ಅದು ಯಾವ ಸ್ವರ, ಯಾವುದು ಮೇಲೆ, ಯಾವುದು ಕೆಳಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾದದ ಒಳಗೆ ಏನಾದರೂ ಹೊಯ್ದಾಡುತ್ತಿದೆಯಾ, ಅಷ್ಟು ಮಾತ್ರ ಕೇಳಿ. ವಾಂವ್... ವಾಂವ್... ವಾಂವ್... ತಿರುಗುವ ಫ್ಯಾನಿನ ಮುಂದೆ ಬಾಯಿಟ್ಟು ‘ಆ’ ಅಂದರೆ ಕೇಳಿಸುತ್ತಲ್ಲ, ಆ ಥರ. ಆದರೆ ನಿಧಾನವಾಗಿ.

ಕೇಳಿಸಿತಾ? ಹಾಗಾದರೆ ಕಷ್ಟದ ಭಾಗ ಮುಗಿಯಿತು. ಆ ಅಲೆ ನಿಲ್ಲುವವರೆಗೆ ಬಿರಡೆ ತಿರುಗಿಸುವುದೇ ಉಳಿದ ಕೆಲಸ.

ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ ಇದೆ. ಚಿಕ್ಕವಳಿದ್ದಾಗ ನನ್ನನ್ನು ಹಾಡುವ ಗುಂಪಿನಿಂದ ಬಿಟ್ಟುಬಿಟ್ಟಿದ್ದರು. ‘ಇವಳಿಗೆ ಕಿವಿ ಇಲ್ಲ’ ಅಂದರು. ಎಷ್ಟೋ ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆ. ಗಿಟಾರ್ ತೆಗೆದುಕೊಂಡ ಮೇಲೂ, ಶ್ರುತಿ ಸರಿಯಿದೆಯಾ ಅಂತ ತೋರಿಸುವ ಕ್ಲಿಪ್ ಟ್ಯೂನರಿನ ಹಸಿರು ದೀಪ ಹತ್ತದೆ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೂಡ ನುಡಿಸುತ್ತಿರಲಿಲ್ಲ. ಒಂದು ಸಂಜೆ ಅದರ ಬ್ಯಾಟರಿ ಹೋಯಿತು. ಪಕ್ಕದ ಕೋಣೆಯಲ್ಲಿ ಅಕ್ಕ ವಯೊಲಿನ್ ಇಟ್ಟುಕೊಂಡು ಕೂತಿದ್ದಳು.

“ಅಕ್ಕಾ, ಇದು ಸರಿ ಇದೆಯಾ ನೋಡೇ.”

“ನನ್ನ ಯಾಕೆ ಕೇಳ್ತೀಯ? ನಡುಗ್ತಾ ಇದೆಯಾ, ಅದನ್ನ ಹೇಳು.”

“ಸ್ವಲ್ಪ ನಡುಗ್ತಿದೆ.”

“ಹಾಗಾದ್ರೆ ಇನ್ನೂ ಆಗಿಲ್ಲ.”

ಅವಳು ತಲೆ ಎತ್ತಿ ಕೂಡ ನೋಡಲಿಲ್ಲ. ನಾನು ತಿರುಗಿಸುತ್ತಾ ಹೋದೆ. ನಡುಕ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಇಲ್ಲವೇ ಇಲ್ಲ. ಎರಡು ತಂತಿ ಒಂದೇ ತಂತಿಯ ಹಾಗೆ ಮೊಳಗಿದವು. ಸ್ವರ ಹೆಸರಿಸೋಕೆ ಬಾರದ ನನ್ನ ಕಿವಿಗೆ ನಡುಕ ಮಾತ್ರ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆ ನಡುಕ ಎಲ್ಲಿಂದ ಬರುತ್ತದೆ

ತಂತಿ ಒಂದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೋ ಅದೇ ಅದರ ಫ್ರೀಕ್ವೆನ್ಸಿ. ಸೆಕೆಂಡಿಗೆ 110 ಸಲ ಅದುರಿದರೆ 110 ಹರ್ಟ್ಜ್. ಜಾಸ್ತಿ ಸಲ ಅದುರಿದರೆ ಸ್ವರ ಮೇಲೆ, ಕಡಿಮೆ ಆದರೆ ಕೆಳಗೆ. ಇನ್ನು ಒಂದು ತಂತಿ 440, ಇನ್ನೊಂದು 442 ಸಲ ಅದುರುತ್ತಿದೆ ಅನ್ನಿ. ಒಂದು ಕ್ಷಣ ಎರಡೂ ಜೊತೆಯಾಗಿ ಗಾಳಿಯನ್ನು ತಳ್ಳುತ್ತವೆ, ಸದ್ದು ಉಬ್ಬುತ್ತದೆ. ಸ್ವಲ್ಪ ಹೊತ್ತಿಗೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಸದ್ದು ಕುಗ್ಗುತ್ತದೆ. ಈ ಉಬ್ಬು-ಕುಗ್ಗು ಸೆಕೆಂಡಿಗೆ ಎಷ್ಟು ಸಲ? 442ರಲ್ಲಿ 440 ಕಳೆದರೆ ಎಷ್ಟೋ ಅಷ್ಟು, ಅಂದರೆ ಎರಡು ಸಲ. ಇದಕ್ಕೆ ಬೀಟ್ಸ್ ಅಂತಾರೆ. ನಾನು ಅಲೆ ಅಂತಲೇ ಕರೆಯುತ್ತೇನೆ.

440 ಮತ್ತು 441ರ ನಡುವಿನ ವ್ಯತ್ಯಾಸವನ್ನು ಒಂದಾದ ಮೇಲೆ ಒಂದು ಕೇಳಿಸಿದರೆ ಬಹುಪಾಲು ಜನರಿಗೆ ಗೊತ್ತೇ ಆಗುವುದಿಲ್ಲ. ಒಟ್ಟಿಗೆ ಕೇಳಿಸಿದರೆ ಸೆಕೆಂಡಿಗೊಂದು ಅಲೆ ಏಳುತ್ತದೆ, ಅದನ್ನು ಯಾರು ಬೇಕಾದರೂ ಎಣಿಸಬಹುದು. ಅದಕ್ಕೇ ತಂತಿಗಳನ್ನು ಒಂದೊಂದಾಗಿ ಮೀಟಿ ‘ಇದು ಅದರ ಹಾಗೇ ಇದೆಯಾ’ ಅಂತ ಹೋಲಿಸಬೇಡಿ. ಎರಡನ್ನೂ ಒಟ್ಟಿಗೆ ಮೊಳಗಲು ಬಿಡಿ.

ಒಂದು ಎಚ್ಚರಿಕೆ. ಕೋಣೆಯ ಫ್ಯಾನ್ ಆರಿಸಿ. ಅದರ ಸದ್ದು ಅಡ್ಡ ಬರುತ್ತದೆ ಅನ್ನುವುದು ಒಂದು ಮಾತಾಯಿತು. ಅದಕ್ಕಿಂತ ಮುಖ್ಯ ಅಂದರೆ, ತಿರುಗುವ ರೆಕ್ಕೆಗಳು ನಿಮ್ಮ ವಾದ್ಯದ ನಾದವನ್ನೇ ಕತ್ತರಿಸಿ ಹೊಸ ಅಲೆ ಹುಟ್ಟಿಸುತ್ತವೆ. ನಾನು ಒಮ್ಮೆ ಅರ್ಧ ಗಂಟೆ ಮೂರನೇ ತಂತಿಯ ಅಲೆಯನ್ನು ಅಟ್ಟಿಸಿಕೊಂಡು ಹೋಗಿದ್ದೆ. ಅದು ಫ್ಯಾನಿನದು.

ಮೊದಲ ಸ್ವರ ಯಾರಿಂದ ಪಡೆಯುವುದು

ಒಬ್ಬರೇ ನುಡಿಸುವುದಾದರೆ ತಂತಿಗಳು ತಮ್ಮೊಳಗೆ ಹೊಂದಿಕೊಂಡರೆ ಸಾಕು. ಇನ್ನೊಬ್ಬರ ಜೊತೆ ಕೂರುವುದಾದರೆ ಎಲ್ಲರೂ ಒಪ್ಪಿದ ಒಂದು ಸ್ವರ ಬೇಕು. ಈಗ ಹೆಚ್ಚಿನ ಕಡೆ ಅದು 440 ಹರ್ಟ್ಜ್‌ನ, ಎ ಅನ್ನುವ ಹೆಸರಿನ ಸ್ವರ. ಇದೇನು ಪ್ರಕೃತಿ ನಿಯಮ ಅಲ್ಲ. ಫ್ರಾನ್ಸ್ 1859ರಲ್ಲಿ 435 ಅಂತ ಕಾನೂನು ಮಾಡಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ 440 ಅನ್ನು 1955ರಲ್ಲಿ ಶಿಫಾರಸು ಮಾಡಿ, 1975ರಲ್ಲಿ ಮಾನಕವಾಗಿ ಗಟ್ಟಿ ಮಾಡಿತು. ಹಳೆಯ ಬರೋಕ್ ಸಂಗೀತ ನುಡಿಸುವವರು ಈಗಲೂ 415ಕ್ಕೆ ಇಳಿಸಿಕೊಳ್ಳುವುದುಂಟು. ನಿಮ್ಮ ಜೊತೆಗಾರರು ಎಷ್ಟಕ್ಕೆ ಕೂರುತ್ತಾರೋ ಅಷ್ಟೇ ನಿಮಗೂ ಸರಿ.

ನನಗೆ ಇಷ್ಟವಾದದ್ದು ಟ್ಯೂನಿಂಗ್ ಫೋರ್ಕ್. ಎರಡು ಕವಲಿನ ಉಕ್ಕಿನ ಕಡ್ಡಿ ಅಷ್ಟೇ. 1711ರಲ್ಲಿ ಇದನ್ನು ಮಾಡಿದ್ದು ಜಾನ್ ಶೋರ್ ಅನ್ನುವ ಇಂಗ್ಲೆಂಡಿನ ತುತ್ತೂರಿ ವಾದಕ. ಅವನು ಲ್ಯೂಟ್ ಅನ್ನುವ ಹಳೆಯ ತಂತಿವಾದ್ಯ ಕೂಡ ನುಡಿಸುತ್ತಿದ್ದ. ಲ್ಯೂಟ್ ನುಡಿಸುವವರ ಅರ್ಧ ಆಯಸ್ಸು ಶ್ರುತಿ ಮಾಡುವುದರಲ್ಲೇ ಹೋಗುತ್ತಿತ್ತು, ಹಾಗಾಗಿ ಇದು ಅವನ ತಲೆಗೆ ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ.

ಫೋರ್ಕನ್ನು ಮೇಜಿಗೆ ಬಡಿಯಬೇಡಿ. ಗಟ್ಟಿ ಜಾಗಕ್ಕೆ ಬಡಿದರೆ ಮೊದಲು ಕಿಣಿಕಿಣಿ ಅಂತ ಬೇರೆಯೇ ಸದ್ದು ಬರುತ್ತದೆ. ಮಂಡಿಗೆ ಮೆಲ್ಲಗೆ ತಟ್ಟಿ. ಕವಲನ್ನು ಮುಟ್ಟದೆ, ಬಾಲದ ತುದಿಯನ್ನು ಗಿಟಾರಿನ ಮುಂಭಾಗದ ಹಲಗೆಗೆ, ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ಒತ್ತಿ ಹಿಡಿಯಿರಿ. ಇಡೀ ಗಿಟಾರ್ ಗುಂಯ್ ಅನ್ನುತ್ತದೆ. ಎರಡು ಕೈಯೂ ಖಾಲಿ ಬೇಕು ಅಂದರೆ ಬಾಲವನ್ನು ಹಲ್ಲಲ್ಲಿ ಕಚ್ಚಿಕೊಳ್ಳಿ. ನೋಡುವವರಿಗೆ ತಮಾಷೆ ಅನಿಸುತ್ತದೆ, ಆದರೆ ನಾದ ನೇರ ತಲೆಬುರುಡೆಗೆ ಹೋಗುತ್ತದೆ. ಇದಕ್ಕಿಂತ ಚೆನ್ನಾಗಿ ಕೇಳಿಸುವ ಉಪಾಯ ನನಗೆ ಸಿಕ್ಕಿಲ್ಲ.

ಈಗ ಒಂದು ಲೆಕ್ಕ. ಗಿಟಾರಿನ ಐದನೇ ತಂತಿ (ತೆಳು ತಂತಿಯಿಂದ ಎಣಿಸಿದರೆ) ಎ, ಆದರೆ ಅದು 110 ಹರ್ಟ್ಜ್. ಫೋರ್ಕ್ 440. ಎರಡನ್ನೂ ಹಾಗೇ ಜೊತೆಗಿಟ್ಟರೆ ಅಲೆ ಸರಿಯಾಗಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ಹಾರ್ಮೋನಿಕ್ ತೆಗೆಯಬೇಕು. ಐದನೇ ತಂತಿಯ ಮೇಲೆ, ಐದನೇ ಫ್ರೆಟ್‌ನ ಲೋಹದ ಪಟ್ಟಿಗೆ ಸರಿಯಾಗಿ ಮೇಲೆ, ಬೆರಳನ್ನು ಸುಮ್ನೆ ತಾಗಿಸಿ. ಒತ್ತಬೇಡಿ. ಇನ್ನೊಂದು ಕೈಯಿಂದ ಮೀಟಿ, ಮೀಟಿದ ತಕ್ಷಣ ತಾಗಿಸಿದ ಬೆರಳನ್ನು ಎತ್ತಿ. ಗಂಟೆಯ ಹಾಗೆ ತೆಳುವಾದ ನಾದ ಬರುತ್ತದೆ. ಮೊದಲ ಐದಾರು ಸಲ ‘ಟಪ್’ ಅಂತ ಸತ್ತ ಸದ್ದು ಬಂದರೆ ಬೇಜಾರಾಗಬೇಡಿ, ಎಲ್ಲರಿಗೂ ಹಾಗೇ. ಬೆರಳು ಪಟ್ಟಿಯಿಂದ ಆಚೀಚೆ ಇರುತ್ತದೆ, ಇಲ್ಲ ಎತ್ತುವುದು ತಡವಾಗಿರುತ್ತದೆ.

ಐದನೇ ಫ್ರೆಟ್ ತಂತಿಯ ಕಾಲು ಭಾಗದಲ್ಲಿದೆ. ಅಲ್ಲಿ ತಾಗಿಸಿದರೆ ತಂತಿ ನಾಲ್ಕು ತುಂಡಾಗಿ ಅದುರುತ್ತದೆ, 110ರ ನಾಲ್ಕರಷ್ಟು, ಅಂದರೆ 440. ಫೋರ್ಕಿನ ಸ್ವರವೇ! ಇದರಲ್ಲಿ ಇನ್ನೊಂದು ಲಾಭ ಇದೆ. ತಂತಿ ಅರ್ಧ ಹರ್ಟ್ಜ್ ತಪ್ಪಿದ್ದರೆ, ಹಾರ್ಮೋನಿಕ್‌ನಲ್ಲಿ ಆ ತಪ್ಪು ಎರಡು ಹರ್ಟ್ಜ್ ಆಗಿ ಕಾಣುತ್ತದೆ. ಸೆಕೆಂಡಿಗೆ ಎರಡು ಅಲೆ. ಭೂತಗನ್ನಡಿ ಇಟ್ಟು ನೋಡಿದ ಹಾಗೆ.

ಮೇಲೋ, ಕೆಳಗೋ?

ಅಲೆ ಕೇಳಿಸಿತು, ಸರಿ. ಬಿರಡೆಯನ್ನು ಯಾವ ಕಡೆ ತಿರುಗಿಸುವುದು? ಅಲೆ ಅದನ್ನು ಹೇಳುವುದಿಲ್ಲ. ಎರಡು ಹರ್ಟ್ಜ್ ಮೇಲಿದ್ದರೂ ಎರಡು ಹರ್ಟ್ಜ್ ಕೆಳಗಿದ್ದರೂ ಅಲೆ ಒಂದೇ ಥರ. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

ನಾನು ಮಾಡುವುದು ಹೀಗೆ. ಮೊದಲು ತಂತಿಯನ್ನು ಬೇಕಂತಲೇ ಸಡಿಲ ಮಾಡುತ್ತೇನೆ, ಖಂಡಿತ ಕೆಳಗಿದೆ ಅನ್ನುವಷ್ಟು. ಆಗ ಅನುಮಾನವೇ ಇಲ್ಲ, ದಾರಿ ಒಂದೇ, ಮೇಲಕ್ಕೆ. ಬಿಗಿ ಮಾಡುತ್ತಾ ಬಂದ ಹಾಗೆ ಮೊದಲು ಗಲಾಟೆ ಕೇಳುತ್ತದೆ, ಗರಗರ ಅನ್ನುವ ಒರಟು ಸದ್ದು. ಅದು ಅಲೆಯೇ, ಆದರೆ ಎಣಿಸಲಾಗದಷ್ಟು ಬೇಗ. ಇನ್ನೂ ಬಿಗಿ ಮಾಡಿದರೆ ಗರಗರ ಬಿಡಿ ಬಿಡಿಯಾಗಿ ವವವವ ಆಗುತ್ತದೆ. ಆಮೇಲೆ ವಾಂವ್ ವಾಂವ್. ಆಮೇಲೆ ವಾ...ಂ...ವ್. ಇಲ್ಲಿಂದ ಬಿರಡೆಯನ್ನು ಕೂದಲೆಳೆಯಷ್ಟೇ ತಿರುಗಿಸಿ. ಅಲೆ ನಿಂತಿತು. ದಾಟಿ ಹೋದರೆ ಮತ್ತೆ ಶುರುವಾಗುತ್ತದೆ, ಆಗ ಪುನಃ ಕೆಳಗಿಳಿಸಿ ಕೆಳಗಿನಿಂದಲೇ ಬನ್ನಿ.

ಇಳಿಸಲು ಇಷ್ಟ ಇಲ್ಲದಿದ್ದರೆ ಇನ್ನೊಂದು ಉಪಾಯ ಇದೆ. ದಪ್ಪ ತಂತಿಯ ಐದನೇ ಫ್ರೆಟ್‌ಗೂ ಖಾಲಿ, ಅಂದರೆ ಎಲ್ಲೂ ಒತ್ತದ, ಐದನೇ ತಂತಿಗೂ ಹೋಲಿಸುತ್ತಿದ್ದೀರಿ, ಅಲೆ ಬರುತ್ತಿದೆ ಅನ್ನಿ. ಒತ್ತಿದ ಬೆರಳಿನಿಂದಲೇ ದಪ್ಪ ತಂತಿಯನ್ನು ಪಕ್ಕಕ್ಕೆ ತುಸು ಎಳೆಯಿರಿ. ಎಳೆದರೆ ಅದರ ಸ್ವರ ಸ್ವಲ್ಪ ಮೇಲೇರುತ್ತದೆ. ಆಗ ಅಲೆ ನಿಧಾನವಾದರೆ ದಪ್ಪ ತಂತಿ ಕೆಳಗಿತ್ತು ಅಂತ ಅರ್ಥ. ಅಲೆ ಇನ್ನೂ ಬೇಗವಾದರೆ ಅದು ಆಗಲೇ ಮೇಲಿತ್ತು. ಬಿರಡೆ ಮುಟ್ಟದೆಯೇ ಉತ್ತರ ಸಿಕ್ಕಿತು, ಅಲ್ವಾ?

ಮೂರನೆಯದು ಗಂಟಲು. ಫೋರ್ಕಿನ ಸ್ವರವನ್ನು ಬಾಯಿ ಮುಚ್ಚಿ ‘ಮ್ಮ್’ ಅಂತ ಗುನುಗಿ. ನಿಲ್ಲಿಸದೆ ತಂತಿ ಮೀಟಿ, ತಂತಿಗೆ ಗುನುಗನ್ನು ಹೊಂದಿಸಿ. ಗಂಟಲು ಬಿಗಿಯಾಯಿತಾ, ಸಡಿಲವಾಯಿತಾ? ಬಿಗಿಯಾದರೆ ತಂತಿ ಮೇಲಿದೆ. ನಿಮ್ಮ ಗುನುಗು ಕೆಟ್ಟದಾಗಿದ್ದರೂ ಪರವಾಗಿಲ್ಲ, ಅದನ್ನು ಯಾರೂ ಕೇಳುತ್ತಿಲ್ಲ.

ಗಿಟಾರಿನ ಆರು ತಂತಿ

ಆರು ಖಾಲಿ ತಂತಿಗಳ ಫ್ರೀಕ್ವೆನ್ಸಿ ದಪ್ಪದಿಂದ ತೆಳುವಿನ ಕಡೆಗೆ ಹೀಗಿದೆ: ಇ 82.4, ಎ 110, ಡಿ 146.8, ಜಿ 196, ಬಿ 246.9, ಇ 329.6. ಈ ಅಂಕಿಗಳನ್ನು ಬಾಯಿಪಾಠ ಮಾಡುವುದು ಬೇಡ. ಮೊದಲ ಇ ಮತ್ತು ಕೊನೆಯ ಇ ನಡುವೆ ನಾಲ್ಕರಷ್ಟು ಅಂತರ ಇದೆ, ಅಂದರೆ ಎರಡು ಸ್ಥಾಯಿ, ಅನ್ನುವುದನ್ನು ನೆನಪಿಟ್ಟುಕೊಳ್ಳಿ ಸಾಕು.

ಎಲ್ಲರೂ ಮೊದಲು ಕಲಿಯುವುದು ಐದನೇ ಫ್ರೆಟ್ ವಿಧಾನ. ದಪ್ಪ ಇ ತಂತಿಯ ಐದನೇ ಫ್ರೆಟ್, ಖಾಲಿ ಎ ತಂತಿಗೆ ಸಮ. ಎ ತಂತಿಯ ಐದನೆಯದು ಡಿಗೆ. ಡಿ ತಂತಿಯ ಐದನೆಯದು ಜಿಗೆ. ಜಿ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್, ಅದು ಬಿಗೆ ಸಮ. ಮತ್ತೆ ಬಿ ತಂತಿಯ ಐದನೆಯದು ತೆಳು ಇಗೆ. ಅಷ್ಟೇ. ಇದು ಸುಲಭ, ಆದರೆ ಇದರಲ್ಲಿ ಒಂದು ಕೊರತೆ ಇದೆ. ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ಹೋದ ಸುದ್ದಿಯ ಹಾಗೆ, ಎ ತಂತಿಯ ಚೂರು ತಪ್ಪು ಡಿ ತಂತಿಗೆ ಹೋಗುತ್ತದೆ, ಅಲ್ಲಿಂದ ಜಿಗೆ. ಕೊನೆಗೆ ಎರಡು ಇ ತಂತಿಗಳನ್ನು ಒಟ್ಟಿಗೆ ಮೀಟಿದರೆ ಮುಖ ಕಿವುಚುವಂತಾಗುತ್ತದೆ.

ಈಗ ನಾನು ಮಾಡುವುದು ಬೇರೆ. ಎ ತಂತಿಯನ್ನು ಫೋರ್ಕಿಗೆ ಸೇರಿಸಿದ ಮೇಲೆ ಉಳಿದ ಐದನ್ನೂ ನೇರ ಎ ಹತ್ತಿರವೇ ಕರೆಯುತ್ತೇನೆ. ಪ್ರತಿ ತಂತಿಯಲ್ಲೂ ಎಲ್ಲೋ ಒಂದು ಕಡೆ ಎ ಇದ್ದೇ ಇದೆ. ದಪ್ಪ ಇ ತಂತಿಯಲ್ಲಿ ಐದನೇ ಫ್ರೆಟ್, ಅದನ್ನು ಖಾಲಿ ಎ ತಂತಿಗೆ ಹೋಲಿಸಿ. ಡಿ ತಂತಿಯಲ್ಲಿ ಏಳನೆಯದು, ಜಿ ತಂತಿಯಲ್ಲಿ ಎರಡನೆಯದು. ಇವೆರಡೂ 220 ಹರ್ಟ್ಜ್, ಆದ್ದರಿಂದ ಎ ತಂತಿಯ ಹನ್ನೆರಡನೇ ಫ್ರೆಟ್ ಮೇಲಿನ ಹಾರ್ಮೋನಿಕ್‌ಗೆ ಹೋಲಿಸಿ. ಬಿ ತಂತಿಯಲ್ಲಿ ಹತ್ತನೆಯದು, ತೆಳು ಇ ತಂತಿಯಲ್ಲಿ ಐದನೆಯದು. ಇವೆರಡೂ 440, ಎ ತಂತಿಯ ಐದನೇ ಫ್ರೆಟ್ ಹಾರ್ಮೋನಿಕ್‌ಗೆ ಸಮ. ಹಾರ್ಮೋನಿಕ್ ಮೊದಲು ಮೀಟಿ. ಅದು ಮೊಳಗುತ್ತಲೇ ಇರುತ್ತದೆ, ಎಡಗೈ ಖಾಲಿಯಾಗುತ್ತದೆ. ಆಗ ನಿಧಾನವಾಗಿ ಇನ್ನೊಂದು ತಂತಿ ಒತ್ತಿ ಮೀಟಬಹುದು. ಒತ್ತುವಾಗ ಫ್ರೆಟ್‌ಗೆ ಹತ್ತಿರ, ಸದ್ದು ಸ್ವಚ್ಛವಾಗಿ ಬರುವಷ್ಟೇ ಒತ್ತಿ. ಸಿಟ್ಟಿನಲ್ಲಿ ಒತ್ತಿದರೆ ಸ್ವರ ಮೇಲೆ ಹೋಗಿ ಲೆಕ್ಕ ಕೆಡುತ್ತದೆ.

ಕಿವಿಯ ಮೇಲೆ ಇನ್ನೂ ನಂಬಿಕೆ ಬಾರದಿದ್ದರೆ ಕಣ್ಣಿಗೆ ಕೆಲಸ ಕೊಡಿ. ಅಕ್ಕಿ ಕಾಳಿನಷ್ಟು ಕಾಗದದ ಚೂರನ್ನು ನಡುವೆ ಮಡಚಿ, ಖಾಲಿ ಎ ತಂತಿಯ ಮಧ್ಯದಲ್ಲಿ ಕುದುರೆ ಸವಾರಿ ಮಾಡಿಸುವ ಹಾಗೆ ಕೂರಿಸಿ. ದಪ್ಪ ಇ ತಂತಿಯ ಐದನೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಫ್ರೀಕ್ವೆನ್ಸಿ ಆದರೆ ಮುಟ್ಟದ ಎ ತಂತಿ ತಾನಾಗಿ ಅದುರಿ ಕಾಗದ ಕುಣಿದು ಕೆಳಗೆ ಬೀಳುತ್ತದೆ. ಶ್ರುತಿ ತಪ್ಪಿದ್ದರೆ ಕಾಗದ ಕೂತಲ್ಲೇ ಕೂತಿರುತ್ತದೆ. ಮೊದಲ ಸಲ ಅದು ಬಿದ್ದಾಗ ನಾನು ನಕ್ಕುಬಿಟ್ಟಿದ್ದೆ. ಉಯ್ಯಾಲೆಯನ್ನು ಅದರ ಲಯಕ್ಕೇ ತಳ್ಳಿದರೆ ಮಾತ್ರ ಜೋರಾಗಿ ತೂಗುತ್ತದಲ್ಲ, ಇದೂ ಅದೇ.

ಸಿಹಿ ಕಾರ್ಡಿನ ಮೋಸ

ಅಲೆ ಕೇಳುವುದು ಕಲಿತ ಹೊಸತರಲ್ಲಿ ನನಗೆ ಅಹಂಕಾರ ಬಂದಿತ್ತು. ಇ ಮೇಜರ್ ಕಾರ್ಡ್ ಹಿಡಿದೆ. ಅದರಲ್ಲಿ ಮೂರನೇ ತಂತಿ ಚೂರು ಕಟುವಾಗಿ ಕೇಳಿಸಿತು. ಜಿ ತಂತಿಯನ್ನು ಸ್ವಲ್ಪ ಇಳಿಸಿದೆ. ಆಹಾ, ಜೇನು! ಒಂದು ಅಲೆಯೂ ಇಲ್ಲ. ಖುಷಿಯಲ್ಲಿ ಸಿ ಕಾರ್ಡ್ ಹಿಡಿದೆ, ಹುಳಿ. ಜಿ ತಂತಿ ಏರಿಸಿ ಸಿ ಸರಿ ಮಾಡಿದೆ. ಇ ಮತ್ತೆ ಕಟು. ಮತ್ತೆ ಇಳಿಸಿದೆ, ಮತ್ತೆ ಏರಿಸಿದೆ. ಇಡೀ ಸಂಜೆ ಹೀಗೇ ಹೋಯಿತು. ಕೊನೆಗೆ ಗಿಟಾರೇ ಕೆಟ್ಟಿದೆ ಅಂತ ತೀರ್ಮಾನಿಸಿ ಮೂಲೆಗಿಟ್ಟೆ.

ಗಿಟಾರ್ ಸರಿಯಾಗಿಯೇ ಇತ್ತು. ಫ್ರೆಟ್‌ಗಳನ್ನು ಕೂರಿಸುವ ಲೆಕ್ಕವೇ ಹಾಗಿದೆ. ಒಂದು ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ್ದಾರೆ. ಒಂದು ಫ್ರೆಟ್ ಮೇಲೆ ಹೋದರೆ ಫ್ರೀಕ್ವೆನ್ಸಿ ಸುಮಾರು 1.0595ರಷ್ಟಾಗುತ್ತದೆ, ಹನ್ನೆರಡು ಫ್ರೆಟ್ ದಾಟಿದರೆ ಸರಿಯಾಗಿ ಎರಡರಷ್ಟು. ಈ ಲೆಕ್ಕದಲ್ಲಿ ಸದಿಂದ ಪ 1.498ರಷ್ಟು ಬರುತ್ತದೆ. ಅಲೆಯಿಲ್ಲದ ಶುದ್ಧ ಪಂಚಮ 1.5. ಬಹಳ ಹತ್ತಿರ, ಕಿವಿ ಕ್ಷಮಿಸುತ್ತದೆ. ಆದರೆ ಮೇಜರ್ ಕಾರ್ಡಿನ ಗಾಂಧಾರ? ಶುದ್ಧವಾಗಿ ಅದು 1.25 ಇರಬೇಕು, ಫ್ರೆಟ್ ಕೊಡುವುದು 1.26. ಈ ವ್ಯತ್ಯಾಸ ಕೇಳಿಸುತ್ತದೆ. ನಾನು ಇ ಕಾರ್ಡಿನ ಗಾಂಧಾರವನ್ನು ಶುದ್ಧ ಮಾಡಲು ಜಿ ತಂತಿಯನ್ನು 196ರಿಂದ ಒಂದೂವರೆ ಹರ್ಟ್ಜ್‌ಗೂ ಜಾಸ್ತಿ ಕೆಳಗಿಳಿಸಿದ್ದೆ. ಆ ತಂತಿ ಬೇರೆ ಕಾರ್ಡುಗಳಲ್ಲಿ ಬೇರೆ ಸ್ವರವಾಗಿ ನಿಲ್ಲಬೇಕಲ್ಲ, ಅಲ್ಲೆಲ್ಲ ಅದು ತಗ್ಗಿಯೇ ಕೇಳುತ್ತದೆ. ಆದ್ದರಿಂದ ಫ್ರೆಟ್ ಇರುವ ವಾದ್ಯದಲ್ಲಿ ಕಾರ್ಡ್ ಹಿಡಿದು ಶ್ರುತಿ ಮಾಡಬೇಡಿ. ಒಂದೇ ಸ್ವರಕ್ಕೆ ಒಂದೇ ಸ್ವರ, ಇಲ್ಲ ಅದರ ಮೇಲಿನ ಸ್ಥಾಯಿ, ಇಷ್ಟನ್ನೇ ಹೋಲಿಸಿ. ಮೇಜರ್ ಕಾರ್ಡಿನಲ್ಲಿ ಸ್ವಲ್ಪ ಅಲೆ ಉಳಿದರೆ ಅದನ್ನು ಹಾಗೇ ಬಿಟ್ಟುಬಿಡಿ.

ಇದೇ ಕಾರಣಕ್ಕೆ ಬಹಳ ಜನ ಇಷ್ಟಪಡುವ ಐದು-ಏಳನೇ ಫ್ರೆಟ್ ಹಾರ್ಮೋನಿಕ್ ವಿಧಾನದ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ದಪ್ಪ ತಂತಿಯ ಐದನೇ ಫ್ರೆಟ್ ಹಾರ್ಮೋನಿಕ್ 329.6, ಎ ತಂತಿಯ ಏಳನೇ ಫ್ರೆಟ್ ಹಾರ್ಮೋನಿಕ್ 330. ನೋಡಿ, ಸರಿಯಾಗಿ ಶ್ರುತಿಯಾದ ಗಿಟಾರಿನಲ್ಲೇ ಇವೆರಡು ಪೂರ್ತಿ ಸಮ ಇಲ್ಲ. ಸುಮಾರು ಮೂರು ಸೆಕೆಂಡಿಗೊಂದು ಅಲೆ ಇರಲೇಬೇಕು. ಅಲೆ ಪೂರ್ತಿ ನಿಲ್ಲಿಸಿ ಮುಂದಿನ ತಂತಿಗೆ ಹೋದರೆ ಎ, ಡಿ, ಜಿ ಒಂದಕ್ಕಿಂತ ಒಂದು ತಗ್ಗುತ್ತಾ ಹೋಗುತ್ತವೆ. ಅವಸರಕ್ಕೆ ಬಳಸಿ, ಕೊನೆಯ ಮಾತು ಅದರದ್ದಾಗದಿರಲಿ.

ವಯೊಲಿನ್, ಮ್ಯಾಂಡೊಲಿನ್, ತಂಬೂರಿ

ವಯೊಲಿನ್‌ನಲ್ಲಿ ಫ್ರೆಟ್ ಇಲ್ಲ, ಹಾಗಾಗಿ ಈ ರಾಜಿಯೂ ಬೇಡ. ಅಕ್ಕ ಮೊದಲು ಎ ತಂತಿಯನ್ನು 440ಕ್ಕೆ ಸೇರಿಸುತ್ತಾಳೆ. ಆಮೇಲೆ ಎ ಮತ್ತು ಇ ಎರಡರ ಮೇಲೂ ಕಮಾನನ್ನು ಉದ್ದಕ್ಕೆ, ಹಗುರವಾಗಿ ಎಳೆಯುತ್ತಾಳೆ. ಎರಡು ಬೇರೆ ಬೇರೆ ಸ್ವರಗಳ ನಡುವೆ ಅಲೆ ಎಲ್ಲಿಂದ ಬರಬೇಕು ಅಂತ ನಾನು ಕೇಳಿದ್ದೆ. ತಂತಿಯ ನಾದದಲ್ಲಿ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಸ್ವರಗಳೂ ಸಣ್ಣಗೆ ಇರುತ್ತವೆ. ಎ ತಂತಿಯ ಮೂರರಷ್ಟು 1320. ಇ ತಂತಿ 660 ಇದ್ದರೆ ಅದರ ಎರಡರಷ್ಟೂ 1320. ಈ ಎರಡು ಸಣ್ಣ ಸ್ವರಗಳು ಅಲ್ಲಿ ಮೇಲೆ ಜಗಳ ಆಡುತ್ತವೆ. ಟ್ಯೂನರ್ ಹೇಳುವ 659.3ಕ್ಕೆ ನಿಲ್ಲಿಸಿದರೆ ಸೆಕೆಂಡಿಗೆ ಸುಮಾರು ಒಂದೂವರೆ ಅಲೆ ಉಳಿಯುತ್ತದೆ. ಅಕ್ಕ ಅದನ್ನು ಒಪ್ಪುವುದಿಲ್ಲ, 660ಕ್ಕೇ ತರುತ್ತಾಳೆ. ಹೀಗೇ ಎ-ಡಿ, ಆಮೇಲೆ ಡಿ-ಜಿ. ಬಿರಡೆ ತಿರುಗಿಸುವಾಗ ಒಳಕ್ಕೂ ತುಸು ತಳ್ಳಿ, ಇಲ್ಲದಿದ್ದರೆ ಜಾರಿ ಬಿಚ್ಚಿಕೊಳ್ಳುತ್ತದೆ.

ಮ್ಯಾಂಡೊಲಿನ್‌ಗೂ ವಯೊಲಿನ್ನಿನ ಸ್ವರಗಳೇ, ಜೋಡಿ ತಂತಿ ಅಷ್ಟೇ. ಜೋಡಿಯಲ್ಲಿ ಒಂದನ್ನು ಬೆರಳಿಂದ ಸುಮ್ಮನಾಗಿಸಿ ಇನ್ನೊಂದನ್ನು ಸರಿ ಮಾಡಿ. ಆಮೇಲೆ ಎರಡನ್ನೂ ಒಟ್ಟಿಗೆ ಮೀಟಿ ಅಲೆ ನಿಲ್ಲಿಸಿ. ಕಿವಿ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆ ವಾದ್ಯ ಇಲ್ಲ.

ತಂಬೂರಿಯಲ್ಲಿ ನಡುವಿನ ಎರಡು ಸ ಮೊದಲು. ಬಿರಡೆಯಿಂದ ಹತ್ತಿರಕ್ಕೆ ತಂದು, ಕೊನೆಯ ಚೂರನ್ನು ಕುದುರೆಯ (ತಂಬೂರಿಯ ಬ್ರಿಡ್ಜ್‌ನ) ಆಚೆಗಿನ ಮಣಿ ಸರಿಸಿ ಮುಗಿಸಿ. ಆಮೇಲೆ ಮಂದ್ರ ಸ, ಕೊನೆಗೆ ಪ. ಎಲ್ಲ ಸೇರಿದ ಮೇಲೆ ಕುದುರೆಯ ಮೇಲಿನ ಜೀವದ ದಾರವನ್ನು ಹಿಂದೆ ಮುಂದೆ ಸರಿಸಿ ನಾದ ಬಿಚ್ಚಿಕೊಳ್ಳುವ ಜಾಗ ಹುಡುಕಿ. ಆಗ ಮಂದ್ರ ಸ ಮೀಟಿ ಕಿವಿಗೊಡಿ. ಯಾರೂ ಮೀಟದ ಗಾಂಧಾರ ಒಂದು ಮೇಲೆ ತೇಲುತ್ತಿರುತ್ತದೆ. ಅದು ಆ ತಂತಿಯ ಐದರಷ್ಟು ಸ್ವರ, ನಾನು ಗಿಟಾರಿನಲ್ಲಿ ಒಂದು ಸಂಜೆಯೆಲ್ಲ ಹುಡುಕಿದ ಆ 1.25ರ ಗಾಂಧಾರವೇ. ಇಲ್ಲಿ ಪುಕ್ಕಟೆ ಸಿಗುತ್ತದೆ.

ಶ್ರುತಿ ನಿಲ್ಲುವುದಿಲ್ಲ ಅಂದರೆ

ಅಲೆ ನಿಲ್ಲಿಸಿದ್ದೀರಿ, ಎರಡು ಹಾಡು ನುಡಿಸುವಷ್ಟರಲ್ಲಿ ಮತ್ತೆ ತಪ್ಪಿದೆ. ಹೆಚ್ಚಿನ ಸಲ ತಪ್ಪು ಕಿವಿಯದ್ದಲ್ಲ.

ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿ ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇದೆ. ಗಿಟಾರಿನ ಬಿರಡೆಯ ಹಲ್ಲುಚಕ್ರದಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಆ ಸಡಿಲ ಹಾಗೇ ಉಳಿದು, ನುಡಿಸುವಾಗ ತಂತಿ ಇನ್ನಷ್ಟು ಇಳಿಯುತ್ತದೆ.

ಬಿರಡೆ ತಿರುಗಿಸಿದರೂ ಸ್ವರ ಏರದೆ, ಆಮೇಲೆ ‘ಟಿಕ್’ ಅಂತ ಒಮ್ಮೆಲೇ ಹಾರಿದರೆ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯ) ಕಚ್ಚಿನಲ್ಲಿ ಸಿಕ್ಕಿಕೊಂಡಿದೆ. ತಂತಿ ಸಡಿಲಿಸಿ, ಆ ಕಚ್ಚಿಗೆ ಚೂಪಾದ ಪೆನ್ಸಿಲಿನಿಂದ ನಾಲ್ಕು ಸಲ ಉಜ್ಜಿ. ಪೆನ್ಸಿಲಿನ ಗ್ರಾಫೈಟ್ ತಂತಿ ಜಾರುವಂತೆ ಮಾಡುತ್ತದೆ.

ಹೊಸ ತಂತಿ ಹಾಕಿದ್ದರೆ ಅದು ಹಿಗ್ಗುತ್ತಲೇ ಇರುತ್ತದೆ. ಮಧ್ಯದಲ್ಲಿ ಹಿಡಿದು ಮೆಲ್ಲಗೆ ಮೇಲೆಳೆದು ಬಿಡಿ, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಐದಾರು ಸುತ್ತಿಗೆ ಹಟ ಬಿಡುತ್ತದೆ. ಆರೂ ತಂತಿ ಬಹಳ ಇಳಿದಿದ್ದರೆ ಎರಡು ಸುತ್ತು ಶ್ರುತಿ ಮಾಡಲೇಬೇಕು. ಉಕ್ಕಿನ ತಂತಿಗಳು ಎಲ್ಲ ಸೇರಿ ಸುಮಾರು 70 ಕೆಜಿಯಷ್ಟು ಎಳೆಯುತ್ತವೆ. ಒಂದನ್ನು ಬಿಗಿ ಮಾಡಿದರೆ ಕತ್ತು ಚೂರು ಬಾಗಿ ಉಳಿದವು ಸಡಿಲವಾಗುತ್ತವೆ. ಬಿಸಿಲಿಗೆ, ಬಿಸಿ ದೀಪದ ಕೆಳಗೆ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಎಲ್ಲಿ ನುಡಿಸುತ್ತೀರೋ ಅಲ್ಲೇ ಸ್ವಲ್ಪ ಹೊತ್ತು ವಾದ್ಯ ಇಟ್ಟು ಆಮೇಲೆ ಶ್ರುತಿ ಮಾಡಿ. ಜೋರಾಗಿ ಮೀಟಿದ ತಂತಿ ಮೊದಲು ಚೂರು ಮೇಲೆ ಹೋಗಿ ಆಮೇಲೆ ಇಳಿದು ನಿಲ್ಲುತ್ತದೆ. ಹಾಡಿನಲ್ಲಿ ಎಷ್ಟು ಜೋರಾಗಿ ಮೀಟುತ್ತೀರೋ ಶ್ರುತಿ ಮಾಡುವಾಗಲೂ ಅಷ್ಟೇ ಮೀಟಿ.

ತಂತಿ ಹರಿಯುವ ಭಯ ಎಲ್ಲರಿಗೂ ಇರುತ್ತದೆ. ನಾನು ಹರಿದದ್ದು ಒಮ್ಮೆ, ಬಿ ತಂತಿ. ಕೀಬೋರ್ಡಿನಲ್ಲಿ ಒಂದು ಸ್ಥಾಯಿ ಮೇಲಿನ ಬಿ ಒತ್ತಿಟ್ಟು, ಅದಕ್ಕೆ ಸೇರಿಸಲು ತಿರುಗಿಸುತ್ತಲೇ ಹೋದೆ. ಎರಡರಷ್ಟು ಫ್ರೀಕ್ವೆನ್ಸಿಗೆ ಹೋಗಬೇಕಾದರೆ ನಾಲ್ಕರಷ್ಟು ಬಿಗಿ ಬೇಕು. ಮೆರ್ಸೆನ್ ಅನ್ನುವ ಫ್ರೆಂಚ್ ಪಾದ್ರಿ 1636ರಲ್ಲೇ ಇದನ್ನು ಬರೆದಿಟ್ಟಿದ್ದ, ನಾನು ಓದಿರಲಿಲ್ಲ. ಅರ್ಧ ದಾರಿಯಲ್ಲಿ ಚಟೀರ್ ಅಂತು, ಮುಂಗೈ ಮೇಲೆ ಎರಡು ದಿನ ಗೆರೆ ಇತ್ತು. ಬಿಗಿ ಮಾಡುವಾಗ ಮುಖ ದೂರ ಇಡಿ. ಬಿರಡೆ ಕೈಗೆ ಹೆಚ್ಚು ಗಟ್ಟಿ ಅನಿಸಿತು ಅಂದರೆ ನಿಲ್ಲಿಸಿ, ಸ್ಥಾಯಿ ತಪ್ಪಿಲ್ಲ ತಾನೇ ಅಂತ ನೋಡಿ.

ಕೊನೆಗೆ ಒಂದು ಕಾಯಿಲೆ, ಇದಕ್ಕೆ ಬಿರಡೆಯಲ್ಲಿ ಔಷಧಿ ಇಲ್ಲ. ಉಳಿದ ಐದು ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿ, ಒಂದೇ ತಂತಿಯನ್ನು ಮೀಟಿ. ಒಂಟಿ ತಂತಿಯೇ ವಾಂವ್ ವಾಂವ್ ಅಂದರೆ ಅದು ತುಕ್ಕು ಹಿಡಿದೋ ಸವೆದೋ ಒಂದೊಂದು ಕಡೆ ಒಂದೊಂದು ದಪ್ಪ ಆಗಿದೆ. ಅದರೊಳಗೇ ಎರಡು ಸ್ವರ ಕೂತಿವೆ. ಯಾವುದಕ್ಕೆ ಹೋಲಿಸಿದರೂ ಸೇರುವುದಿಲ್ಲ. ಬಿಚ್ಚಿ ಬೇರೆ ಹಾಕಬೇಕು. ನನ್ನ ಗಿಟಾರಿನ ನಾಲ್ಕನೇ ತಂತಿ ಎರಡು ವಾರದಿಂದ ಹಾಗೇ ಮಾಡುತ್ತಿದೆ. ಹೊಸದು ತಂದಿಟ್ಟಿದ್ದೇನೆ, ಇವತ್ತು ರಾತ್ರಿ ಹಾಕಬೇಕು.